ಅತ್ತೆ ತಪ್ಪು ತಿಳಿದು ಕೊಟ್ಟ ಮಾತು

ನಮ್ಮತ್ತೆಯನ್ನು ಹೊಗಳಿ ಒಂದು ದಿನ ನಾನು ಬರೆಯುತ್ತೇನೆಂದು ಮೂವತ್ತು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ, ತಲೆ ನೆಟ್ಟಗಿದೆಯೇನ್ರಿ ಎಂದು ಕೇಳುತ್ತಿದ್ದೆ. ಬೈಲಹೊಂಗಲದ ಈ ಮನೆಗೆ ನಾನು ಸೊಸೆಯಾಗಿ ಬಂದ ಮೊದಲ ಭಾನುವಾರವೇ ನಮ್ಮಿಬ್ಬರಿಗೂ ಜಗಳ ಹತ್ತಿಕೊಂಡಿತ್ತು. ಚರ್ಚಿನಲ್ಲಿ ಇಡೀ ಸಭೆ ಕೀರ್ತನೆ ಹಾಡುತ್ತಿರುವಾಗ ಈಕೆ ನಡುವೆಯೇ ಕೈ ಎತ್ತಿ ನಿಲ್ಲಿಸಿ, "ಹೊಸಾ ಸೊಸಿ ಸ್ವರಾ ತಪ್ಪಿ ಹಾಡಾಕ ಹತ್ತ್ಯಾಳ, ಮತ್ತ ಮೊದಲಿಂದ ಹಾಡ್ರಿ" ಅಂದುಬಿಟ್ಟರು. ನನಗೂ ಬಾಯಿ ಇಲ್ಲವೇ? ಮನೆಗೆ ಬಂದು ಒಲೆಯ ಮುಂದೆ ನಿಂತು ಬಾಯಿಗೆ ಬಂದಂತೆ ಅಂದೆ. ಅವರೂ ಅಂದರು. ಅಂದಿನಿಂದ ನಮ್ಮ ಮನೆಯಲ್ಲಿ ಇಬ್ಬರು ಜೋರಿನ ಹೆಂಗಸರು, ನಡುವೆ ಬಾಯಿ ಇಲ್ಲದ ನನ್ನ ಗಂಡ.

ನಾವು ಕ್ರೈಸ್ತರು. ಚರ್ಚು ಅಂದ ಕೂಡಲೇ ಎತ್ತರದ ಗೋಪುರ, ಬಣ್ಣದ ಗಾಜು ಕಲ್ಪಿಸಿಕೊಳ್ಳಬೇಡಿ. ನಮ್ಮದು ಹಂಚಿನ ಮಾಡಿನ ಒಂದು ಉದ್ದನೆಯ ಕೋಣೆ, ಎರಡು ಸಾಲು ಬೆಂಚು, ಮುಂದೆ ಮೊಣಕಾಲೂರಲು ಒಂದು ಮರದ ಕಟಕಟೆ. ಕೂಡುವವರೆಲ್ಲ ಒಬ್ಬರಿಗೊಬ್ಬರು ಬೀಗರು ಇಲ್ಲವೇ ದಾಯಾದಿಗಳು. ಮನೆಯಲ್ಲಿ ಯಾರು ಕೆಮ್ಮಿದರೂ ಭಾನುವಾರದ ಹೊತ್ತಿಗೆ ಸಭೆಗೆಲ್ಲ ಗೊತ್ತಿರುತ್ತದೆ.

ಅತ್ತೆಗೆ ಈಗ ಎಂಬತ್ತರ ಹತ್ತಿರ. ಹೆಣ್ಣುಮಕ್ಕಳ ಪ್ರಾರ್ಥನಾ ಸಂಘವನ್ನು ನಡೆಸುತ್ತಾ ಬಂದವರು. ಅವರು ಆಗಾಗ ಹೇಳುವ ಕಥೆ ಒಂದೇ. ನಮ್ಮ ಮಾವನವರ ಅಜ್ಜ ಸಂಗೊಳ್ಳಿ ಕಡೆಯ ಒಕ್ಕಲುತನದ ಲಿಂಗಾಯತ ಮನೆತನದವರು. ಯೇಸುವನ್ನು ನಂಬಿದ ದಿನ ಕೊರಳಿನ ಲಿಂಗ ತೆಗೆದು ತಾಯಿಯ ಕೈಗೆ ಕೊಟ್ಟರಂತೆ. ಆ ತಾಯಿ ಆಮೇಲೆ ಮಗನಿಗೆ ಒಂದು ತಂಬಿಗೆ ನೀರು ಕೊಡಲಿಲ್ಲ. ಆಕೆ ಸತ್ತಾಗ ಮಣ್ಣಿಗೂ ಕರೆಯಲಿಲ್ಲ. ಅಜ್ಜ ಹೊಲದ ಬದುವಿನ ಮೇಲೆ ನಿಂತು ದೂರದಿಂದ ನೋಡಿ ವಾಪಸು ಬಂದರಂತೆ. ಈ ಕಥೆ ಗೊತ್ತಿರದಿದ್ದರೆ ಮುಂದಿನದು ತಿಳಿಯುವುದಿಲ್ಲ, ಅದಕ್ಕೇ ಹೇಳಿದೆ.

ನನಗೆ ಒಬ್ಬಳೇ ಮಗಳು. ಸವದತ್ತಿಯಲ್ಲಿ ನರ್ಸ್. ಅಲ್ಲಿಯೇ ಖೋಲಿ ಹಿಡಿದಿದ್ದಳು, ಸೂಟಿ ಸಿಕ್ಕಾಗ ಬಸ್ಸು ಹತ್ತಿ ಬಂದು ಭಾನುವಾರ ಸಭೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ವಯಸ್ಸು ಇಪ್ಪತ್ತೆಂಟಾಗಿತ್ತು. ಧಾರವಾಡದ ನಮ್ಮವರದೇ ಒಂದು ಒಳ್ಳೆಯ ಮನೆತನದಿಂದ ಕೇಳಿಕೊಂಡು ಬಂದಿದ್ದರು. ಹುಡುಗ ಕಾಲೇಜಿನಲ್ಲಿ ಕಲಿಸುವವನು. ನಾನಂತೂ ಮನಸ್ಸಿನಲ್ಲೇ ಸೀರೆ ಆರಿಸಿ ಮುಗಿಸಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಆ ಮಾತು ತೆಗೆದೆ. ಮಗಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಅಪ್ಪಾ, ಅವ್ವಾ, ನಾ ಯಾವ ಹುಡುಗನ್ನೂ ಮಾಡ್ಕೊಳ್ಳಂಗಿಲ್ಲ. ನಾ ಸಲಿಂಗಿ ಅದೇನಿ. ನನ್ನ ಖೋಲ್ಯಾಗ ಇರೂ ಟೀಚರ್ ಅದಾಳಲ್ಲ, ಚಚಡಿ ಊರ ಹುಡುಗಿ, ಆಕಿ ಕೂಡನ ನನ್ನ ಬಾಳೇವು."

ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ಹೈಸ್ಕೂಲಿನ ಮಕ್ಕಳಿಗೆ ವ್ಯಾಕರಣ ಕಲಿಸುತ್ತಾ ತಲೆ ಬೆಳ್ಳಗೆ ಮಾಡಿಕೊಂಡ ಕನ್ನಡ ಮಾಸ್ತರಿಣಿ ನಾನು. ಆ ಶಬ್ದ ನನಗೆ ತಿಳಿಯದೇ ಇರುತ್ತದೆಯೇ? ಪಾಪ, ಅವಳಾದರೂ ಬೇರೆ ಯಾವ ಶಬ್ದ ಹೇಳಬೇಕಿತ್ತು? ನಮ್ಮ ಮಾತಿನಲ್ಲಿ ಇದಕ್ಕೆ ಬೈಗುಳಗಳು ಬೇಕಾದಷ್ಟಿವೆ. ತಂದೆತಾಯಿಯ ಮುಂದೆ ಊಟಕ್ಕೆ ಕೂತು ಹೇಳಿಕೊಳ್ಳುವಂಥದ್ದು ಒಂದೂ ಇಲ್ಲ, ಹೀಗಾಗಿ ಪತ್ರಿಕೆಯ ಶಬ್ದ ತಂದಿದ್ದಳು. ಆದರೆ ಇಷ್ಟೆಲ್ಲ ವಿಚಾರ ಬಂದದ್ದು ಈಗ. ಆಗ ನಾನು ಮಾಡಿದ್ದು ಚೀರಾಟ. ಸತ್ತು ಹೋಗಿದ್ದರೂ ಆಗುತ್ತಿತ್ತು ಎಂಬ ಮಾತನ್ನೂ ಅಂದೆ. ಯಾರು ಸಾಯಬೇಕಿತ್ತು, ನಾನೋ ಅವಳೋ, ಎಂದು ಬಿಡಿಸಿ ಹೇಳಲಿಲ್ಲ. ಗಂಡ ತನ್ನ ತಾಟು ಎತ್ತಿಕೊಂಡು ಬಚ್ಚಲಿಗೆ ಹೋಗಿ ಅದನ್ನೇ ತಿಕ್ಕುತ್ತಾ ನಿಂತರು.

ಅತ್ತೆ ಮಾತ್ರ ಮೊಮ್ಮಗಳ ಮುಖವನ್ನೇ ನೋಡುತ್ತಾ, "ಸಲಿಂಗಿ?" ಅಂದರು.

"ಹೂಂ ಆಯಿ," ಅಂದಳು ಮಗಳು. ಅಜ್ಜಿಯನ್ನು ಅವಳು ಕರೆಯುವುದು ಹಾಗೆಯೇ.

ಅತ್ತೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೂರು ದಿನ ಉಪವಾಸ ಪ್ರಾರ್ಥನೆ. ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಒಳಗಿನಿಂದ ಅಳುವುದು ಕೇಳುತ್ತಿತ್ತು. ನನಗೆ ಒಂದು ಕಡೆ ಸಮಾಧಾನವೇ ಆಯಿತು, ಸುಳ್ಳು ಯಾಕೆ ಹೇಳಲಿ. ಈ ಮುದುಕಿ ಒಮ್ಮೆ ಹೊರಗೆ ಬಂದು ಗದರಿಸಿದರೆ ಹುಡುಗಿ ಹಾದಿಗೆ ಬರುತ್ತಾಳೆ ಅಂದುಕೊಂಡೆ. ಮಗಳು ಸೋಮವಾರವೇ ಡ್ಯೂಟಿಗೆ ಹೋಗಿದ್ದಳು. ಬುಧವಾರ ಅತ್ತೆ ತಾವೇ ಫೋನ್ ಮಾಡಿ, "ಬಾ" ಎಂದು ಕರೆಸಿದರು.

ಮಂಚದ ಮೇಲೆ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈ ಹಿಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಕಟ್ಟಿಕೋ," ಅಂದರು.

"ಏನ ಆಯಿ?"

"ಲಿಂಗಾ. ಕಟ್ಟಿಕೋಬೇಕಂತ ನಿನ್ನ ಮನಸಿಗೆ ಬಂದೈತಿ ಅಂದ್ರ ಕಟ್ಟಿಕೋ. ಯೇಸುನ್ನ ಬಿಟ್ಟ ಹೊಂಟಿ ಅಂತ ನನ್ನ ಹೊಟ್ಟಿ ಉರದ ಹೋಗೇತಿ. ಆದ್ರ ನಮ್ಮ ಹಿರೇರು ಲಿಂಗಾ ತಗದದ್ದಕ್ಕ ಹಡದವ್ವನ ನೀರ ಕೊಡಲಿಲ್ಲ. ನೀ ಕಟ್ಟಿಕೊಂಡಿದ್ದಕ್ಕ ನಾ ನಿನಗ ನೀರ ಬಂದ್ ಮಾಡಂಗಿಲ್ಲ. ಈ ಮನಿ ಬಾಗಲಾ ನಿನಗ ಯಾವತ್ತೂ ತಗದ ಇರತೈತಿ. ಮಾತ ಕೊಡತೇನಿ, ತಗೋ."

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಸಲಿಂಗಿ ಅಂದರೆ ಲಿಂಗ ಸಮೇತ ಇರುವವಳು, ಲಿಂಗ ಕಟ್ಟಿಕೊಂಡವಳು ಎಂದು ನಮ್ಮತ್ತೆ ತಿಳಿದಿದ್ದರು! ಮೊಮ್ಮಗಳು ಚಚಡಿಯ ಲಿಂಗಾಯತ ಗೆಳತಿಯ ಸಹವಾಸ ಮಾಡಿ ಮನೆತನದ ಹಳೆಯ ಧರ್ಮಕ್ಕೆ ತಿರುಗಿ ಹೋಗುತ್ತಿದ್ದಾಳೆ ಎಂದು ಮೂರು ದಿನ ಅತ್ತಿದ್ದರು. ಮಗಳು ನಕ್ಕಳೋ ಅತ್ತಳೋ ಹೇಳಲಾರೆ, ಎರಡೂ ಕೂಡಿಯೇ ಆಯಿತು. ಅಜ್ಜಿಯ ಮಡಿಲಿಗೆ ತಲೆ ಇಟ್ಟು ಎಲ್ಲವನ್ನೂ ಸರಳ ಮಾತಿನಲ್ಲಿ ಹೇಳಿದಳು. ಅತ್ತೆ ಅರ್ಧ ಕೇಳಿ ತಡೆದರು.

"ಅಂದ್ರ ನೀ ಯೇಸುನ್ನ ಬಿಡಾಕ ಹತ್ತಿಲ್ಲ?"

"ಇಲ್ಲ ಆಯಿ."

"ಐತವಾರ ಸಭೆಗೆ ಬರ್ತಿ?"

"ಬರ್ತೇನಿ."

"ಹಂಗಾರ ಮೂರ ದಿನಾ ನನ್ನ ಸುಮ್ಮನ ಉಪಾಸ ಕೆಡವಿದ್ಯಲ್ಲ! ಏಯ್, ರೊಟ್ಟಿ ತಗೊಂಬರ್ರಿ ಯಾರಾರ."

ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ನಮ್ಮತ್ತೆ ದಡ್ಡರಲ್ಲ. ಹೊಟ್ಟೆ ತುಂಬಿ, ನಿದ್ದೆಯಾದ ಮೇಲೆ ಮಾತಿನ ತೂಕ ತಿಳಿಯಿತು. ಮರುದಿನ ಬೆಳಿಗ್ಗೆ ಭೂತಗನ್ನಡಿ ಹಿಡಿದು ನಮ್ಮ ವೇದಪುಸ್ತಕ ಬೈಬಲ್ಲನ್ನು ತೆರೆದು ಕೂತರು. ಸಂಜೆಯ ತನಕ ಕೂತರು. ನಾನು ಚಹಾ ತಗೊಂಡು ಹೋದಾಗ ಪುಸ್ತಕ ಮುಚ್ಚಿ, "ಇದು ಪಾಪ ಅಂತ ಬರದೈತಿ. ಬರದಿಲ್ಲ ಅನ್ನಂಗಿಲ್ಲ ನಾ," ಅಂದರು.

ನಾನು ಅದಕ್ಕೇ ಕಾದಿದ್ದೆ. "ಹಂಗಾರ ಆಕಿಗೆ ಹೇಳ್ರಿ ಅತ್ತಿ! ನಿಮ್ಮ ಮಾತ ಕೇಳತಾಳ."

"ಏನಂತ ಹೇಳ್ಲಿ? ಮಾತ ಕೊಟ್ಟೇನಿ."

"ಅದು ತಪ್ಪ ತಿಳದು ಕೊಟ್ಟ ಮಾತ್ರಿ!"

"ತಿಳದಿದ್ದ ತಪ್ಪ. ಕೊಟ್ಟಿದ್ದ ತಪ್ಪಲ್ಲ. ದೇವರನ್ನ ಬಿಟ್ಟ ಹೋಗತಾಳ ಅಂತ ತಿಳದಾಗನ ನಿನ್ನ ಕೈ ಬಿಡಂಗಿಲ್ಲ ಅಂದೇನಿ. ಈಗ ದೇವರ ಕೂಡನ ಇರತೇನಿ ಅನ್ನಾಕ ಹತ್ತ್ಯಾಳ. ಈಗ ಬಿಡ್ಲೇನ?"

ನನಗೆ ಸಿಟ್ಟು ಬಂತು. ಚಹಾದ ಕಪ್ಪನ್ನು ಕುಕ್ಕಿ ಬಂದೆ.

ವಿಷಯ ಹೊರಬೀಳಲು ಎಷ್ಟು ದಿನ ಬೇಕು? ಧಾರವಾಡದವರಿಗೆ ಬೇಡ ಎಂದು ತಿಳಿಸಿದ್ದೇ ತಡ, ಯಾಕೆ ಏನು ಎಂದು ಶುರುವಾಯಿತು. ಮಗಳು ಯಾರು ಕೇಳಿದರೂ ಮುಚ್ಚಿಡಲಿಲ್ಲ. ತಿಂಗಳೊಳಗೆ ಸಭೆಯ ಕಮಿಟಿ ಕೂಡಿತು. ಕಮಿಟಿಯ ಹಿರಿಯರು ನನ್ನ ಗಂಡನ ದೊಡ್ಡಪ್ಪನ ಮಗ. ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆ ಬಿದ್ದು ಹೋದೀತು. ಮಾವನವರು ಹಾಸಿಗೆ ಹಿಡಿದಾಗ ದಿನಾಲು ಬಂದು ಮೈ ಒರೆಸಿದವರು ಅವರು. ಆದರೆ ವೇದಪುಸ್ತಕದ ವಾಕ್ಯ ಅಂದರೆ ವಾಕ್ಯ, ಅಲ್ಲಿ ಅವರ ಹತ್ತಿರ ಎರಡನೆಯ ಮಾತಿಲ್ಲ.

ಕಮಿಟಿಯ ತೀರ್ಮಾನ ತಿಳಿಸಲು ನಮ್ಮ ಪಾಸ್ಟರು ಮನೆಗೆ ಬಂದರು. ರಾಮದುರ್ಗದ ಕಡೆಯವರು, ಇನ್ನೂ ನಲವತ್ತು ದಾಟದವರು. ಕುರ್ಚಿಯ ತುದಿಯಲ್ಲಿ ಕೂತರು, ಚಹಾ ಮುಟ್ಟಲಿಲ್ಲ. ಮಗಳು ಇನ್ನು ಮಕ್ಕಳಿಗೆ ಹಾಡು ಕಲಿಸುವಂತಿಲ್ಲ. ಪಶ್ಚಾತ್ತಾಪಪಟ್ಟು ಆ ಸಂಬಂಧ ಬಿಡುವ ತನಕ ಕರ್ತನ ಭೋಜನಕ್ಕೆ ಮುಂದೆ ಬರುವಂತಿಲ್ಲ. ಕರ್ತನ ಭೋಜನ ಅಂದರೆ, ತಿಂಗಳ ಮೊದಲ ಭಾನುವಾರ ನಾವೆಲ್ಲ ಸಾಲಾಗಿ ಹೋಗಿ ಕಟಕಟೆಗೆ ಮೊಣಕಾಲೂರಿ ತೆಗೆದುಕೊಳ್ಳುವ ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ನೋಡಲು ಅಷ್ಟೇ. ನಮಗೆ ಅದಕ್ಕಿಂತ ದೊಡ್ಡದು ಇಲ್ಲ.

"ನೀವ ಏನಂತೀರಿ? ಕಮಿಟಿ ಅಲ್ಲ, ನೀವ," ಎಂದು ಮಗಳು ಕೇಳಿದಳು.

ಪಾಸ್ಟರು ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. "ನನ್ನ ಕೂಡ ಕಲತಾವ್ರೊಳಗ ಇದು ಪಾಪ ಅನ್ನಾವ್ರೂ ಅದಾರ, ಅಲ್ಲ ಅನ್ನಾವ್ರೂ ಅದಾರ. ಇಬ್ಬರೂ ಪ್ರಾರ್ಥನಾ ಮಾಡಾವ್ರ. ನನಗ ಗೊತ್ತಿಲ್ಲವಾ. ಖರೇ ಹೇಳಾಕ ಹತ್ತೇನಿ."

ಅಂಥ ಸ್ಥಾನದಲ್ಲಿರುವ ಮನುಷ್ಯ ಗೊತ್ತಿಲ್ಲ ಎಂದು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆ ದಿನ ಅದು ಕೈಲಾಗದತನವೆಂದು ಕಂಡಿತು. ಇಂದು ಹಾಗೆ ಕಾಣುವುದಿಲ್ಲ.

ಮಗಳು ಅಂದಳು, "ನಾ ಲಗ್ನಾ ಮಾಡ್ರಿ ಅಂತ ಕೇಳಾಕ ಹತ್ತಿಲ್ಲರಿ. ಲಗ್ನಾ ನೀವೂ ಮಾಡಂಗಿಲ್ಲ, ಸರಕಾರನೂ ಮಾಡಂಗಿಲ್ಲ, ಗೊತ್ತೈತಿ. ಊಟದ ಮುಂದಿಂದ ಎಬ್ಬಸಬ್ಯಾಡ್ರಿ. ಅಷ್ಟ ಕೇಳತೇನಿ."

ಪಾಸ್ಟರು ಕಣ್ಣೊರೆಸಿಕೊಂಡು ಎದ್ದು ಹೋದರು. ತೀರ್ಮಾನ ಮಾತ್ರ ಬದಲಾಗಲಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಮಗಳು ಬಂದಳು. ಬರುವುದಿಲ್ಲ ಅಂದುಕೊಂಡಿದ್ದೆ. ಬಿಳಿ ಸೀರೆಯುಟ್ಟು ನನಗೂ ಅತ್ತೆಗೂ ನಡುವೆ ಕೂತಳು. ಭೋಜನದ ಹೊತ್ತು ಬಂತು. ನಮ್ಮ ಸಾಲು ಏಳಬೇಕಾಯಿತು. ಅವಳು ಕೈ ಕಟ್ಟಿಕೊಂಡು ತಲೆ ತಗ್ಗಿಸಿ ಕೂತೇ ಇದ್ದಳು. ನಾನು ಎದ್ದೆ. ಹೌದು, ಎದ್ದೆ. ಸಂತೆಯಲ್ಲಿ ಬದನೆಕಾಯಿ ಒಂದು ಕೊಳೆತಿದ್ದರೆ ಅರ್ಧ ಊರಿಗೆ ಕೇಳುವಂತೆ ಜಗಳಾಡುವ ನಾನು, ಜನ ಏನಂದಾರು ಎಂದು ಹೆದರಿ, ಹಡೆದ ಮಗಳ ಮೊಣಕಾಲು ದಾಟಿಕೊಂಡು ಮುಂದೆ ಹೋದೆ. ಕಟಕಟೆಗೆ ಮೊಣಕಾಲೂರಿ ಪಕ್ಕ ನೋಡಿದರೆ ಅತ್ತೆ ಇರಲಿಲ್ಲ. ತಿರುಗಿ ನೋಡಿದೆ. ಮೊಮ್ಮಗಳ ಪಕ್ಕದಲ್ಲಿ ಹಾಗೆಯೇ ಕೂತಿದ್ದರು. ಜ್ವರ ಬಂದಾಗಲೂ, ಮಾವನವರು ತೀರಿಕೊಂಡ ಮರುವಾರವೂ ತಪ್ಪಿಸದ ಹೆಂಗಸು ಕದಲಲಿಲ್ಲ.

ಮನೆಗೆ ಹೋಗುವ ಹಾದಿಯಲ್ಲಿ, "ನೀವ್ಯಾಕ ಬರಲಿಲ್ಲ?" ಎಂದು ಕೇಳಿದೆ, ಅದೂ ದಬಾಯಿಸುವ ದನಿಯಲ್ಲೇ. ಅತ್ತೆ, "ಆಕಿಗೆ ಇಲ್ಲದ್ದ ನನಗ ಹೆಂಗ ಇಳದೀತವಾ," ಅಂದರು. ನನ್ನನ್ನು ಒಂದು ಮಾತು ಬೈಯಲಿಲ್ಲ. ಅವರು ಬೈದಿದ್ದರೆ ನಾನು ತಿರುಗಿ ಅಂದು ಹಗುರಾಗುತ್ತಿದ್ದೆ. ಆ ವಾರವೆಲ್ಲ ಮಕ್ಕಳಿಗೆ ಪಾಠ ಹೇಳುವಾಗಲೂ ನನಗೆ ನಾಚಿಕೆಯೇ ನಾಚಿಕೆ.

ಅದರ ಮುಂದಿನ ತಿಂಗಳು ನಾನೂ ಏಳಲಿಲ್ಲ. ಮೂವರು ಕೂತೆವು. ಹೆಂಗಸರ ಕಡೆಯಿಂದ ಗುಸುಗುಸು ಬಂತು. ಅತ್ತೆ ಹಿಂದೆ ತಿರುಗಿ, "ಕೇಳೂದ ಇದ್ರ ಜೋರಾಗಿ ಕೇಳ್ರಿ, ನನಗ ಕಿವಿ ಮಂದ ಅದಾವು," ಅಂದರು. ಗುಸುಗುಸು ನಿಂತಿತು. ಹೀಗೇ ಆರು ತಿಂಗಳು ಕಳೆದವು.

ಈ ನಡುವೆ ಚಚಡಿಯ ಹುಡುಗಿಯನ್ನು ಮಗಳು ಮನೆಗೆ ಕರೆತಂದಳು. ತೆಳ್ಳಗೆ, ಕಣ್ಣಿಗೆ ಕನ್ನಡಕ, ಸಾಲಿ ಮಾಸ್ತರಿಣಿ ಎಂದು ನಡೆಯಲ್ಲೇ ಗೊತ್ತಾಗುತ್ತಿತ್ತು. ಅವಳ ಮನೆಯಲ್ಲಿ ಮಾತು ಬಿಟ್ಟಿದ್ದರು. ನಾನು ಮುಖ ಬಿಗಿದುಕೊಂಡೇ ಇದ್ದೆ. ಅತ್ತೆ ಅವಳನ್ನು ಎದುರಿಗೆ ಕೂರಿಸಿಕೊಂಡು ಮೇಲಿಂದ ಕೆಳಗೆ ನೋಡಿದರು.

"ಲಿಂಗಾ ಕಟ್ಟೀಯೇನವಾ?"

ಹುಡುಗಿ ಬೆದರಿ ಸೆರಗಿನೊಳಗಿನಿಂದ ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ತೆಗೆದು ತೋರಿಸಿದಳು. "ಹೂನ್ರಿ ಆಯಿ. ದಿನಾ ಪೂಜಾ ಮಾಡತೇನ್ರಿ."

"ನೋಡು, ಅಂತೂ ಮನಿಗೆ ಲಿಂಗಾ ಬಂದ ಬಂತು!" ಎಂದು ಅತ್ತೆ ನಕ್ಕದ್ದು ನೋಡಬೇಕಿತ್ತು. ನಗುತ್ತಾ ನಗುತ್ತಾ ಕೆಮ್ಮು ಹತ್ತಿತು. ಆ ಹುಡುಗಿಯೇ ಓಡಿ ಹೋಗಿ ನೀರು ತಂದು ಕುಡಿಸಿದಳು. ನನ್ನ ಬಿಗಿದ ಮುಖ ಎಲ್ಲಿ ಹೋಯಿತೋ, ನಾನೂ ನಕ್ಕುಬಿಟ್ಟೆ. ಅವರ ಬಾಳೇವು ನನಗೆ ಪೂರ್ತಿ ತಿಳಿದಿದೆ ಎಂದು ಇವತ್ತಿಗೂ ಹೇಳಲಾರೆ, ಆದರೆ ಒಬ್ಬರ ಕಡೆ ಒಬ್ಬರು ನೋಡಿಕೊಳ್ಳುವ ರೀತಿಯಲ್ಲಿ ನನಗೆ ಹೇಸಿಗೆ ಕಾಣಲಿಲ್ಲ. ಮೂವತ್ತು ವರ್ಷದಲ್ಲಿ ನನ್ನ ಗಂಡ ನನ್ನ ಕಡೆ ಅಷ್ಟು ನೋಡಿಲ್ಲ, ಅದಂತೂ ಖರೆ.

ಏಳನೆಯ ತಿಂಗಳು ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಕ್ರೈಸ್ತರಾಗಿ ಅಷ್ಟು ತಲೆಮಾರಾದರೂ ಬೀಳುವಾಗ ಬಾಯಿಗೆ ಬಂದದ್ದು "ಅಯ್ಯ ಶಿವನ!" ಪಾದದ ಹತ್ತಿರ ಎಲುಬು ಬಿರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದರು. ಮಗಳು ಸೂಟಿ ಹಾಕಿ ಬಂದು ಎತ್ತಿ, ಕೂರಿಸಿ, ತೊಳೆದು, ಒರೆಸಿ ಎಲ್ಲ ಮಾಡಿದಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ನಾಲ್ಕು ಕಾಲಿನ ವಾಕರ್ ಹಿಡಿದು ನಡೆಯುವುದನ್ನು ಕಲಿಸಿದಳು.

ಬಿದ್ದ ಮೇಲೆ ಅತ್ತೆ ಮೊದಲ ಸಲ ಸಭೆಗೆ ಹೋದದ್ದು ಒಂದು ಭೋಜನದ ಭಾನುವಾರ. ಆಟೋದಲ್ಲಿ ಹೋದೆವು. ನಮ್ಮ ಸಾಲಿನ ಸರದಿ ಬಂದಾಗ ಎಂದಿನಂತೆ ಮಗಳು ತಲೆ ತಗ್ಗಿಸಿದಳು, ನಾನು ಕೂತೇ ಇದ್ದೆ. ಅತ್ತೆ ಎದ್ದು ನಿಂತರು.

"ಪಾಸ್ಟರೇ," ಅಂದರು, ಇಡೀ ಸಭೆಗೆ ಕೇಳುವಂತೆ. "ಕಾಲ ಮುರದ ಕುಂತೇನಿ, ಇನ್ನ ಎಷ್ಟ ದಿನಾ ಇರತೇನೋ ಗೊತ್ತಿಲ್ಲ. ಭೋಜನಾ ತಗೋಬೇಕು ಅನ್ನಸೇತಿ. ಆದ್ರ ಒಬ್ಬಾಕಿಗೆ ನಡ್ಯಾಕ ಬರಂಗಿಲ್ಲ. ಇಕಿ ಹಿಡಕೊಂಡ್ರನ ಬರತೇನಿ."

ಮಗಳು ನನ್ನ ಮುಖ ನೋಡಿದಳು. "ಏಳು," ಅಂದೆ ನಾನು. ವಾಕರನ್ನು ಬೆಂಚಿಗೆ ಒರಗಿಸಿ, ಮೊಮ್ಮಗಳ ಹೆಗಲ ಮೇಲೆ ಪೂರ್ತಿ ಭಾರ ಹಾಕಿ, ಅತ್ತೆ ಒಂದೊಂದೇ ಹೆಜ್ಜೆ ಇಟ್ಟರು. ಮೊಣಕಾಲೂರಲು ಒಬ್ಬರಿಗೇ ಆಗುವುದಿಲ್ಲವಲ್ಲ, ಅವಳನ್ನೂ ಎಳೆದುಕೊಂಡೇ ಕಟಕಟೆಗೆ ಊರಿದರು. ಪಾಸ್ಟರು ಅತ್ತೆಯ ಅಂಗೈಯಲ್ಲಿ ರೊಟ್ಟಿಯ ತುಣುಕು ಇಟ್ಟರು. ಅತ್ತೆ ತಿನ್ನಲಿಲ್ಲ. ಅಂಗೈ ಚಾಚಿಕೊಂಡೇ ಅವರ ಮುಖ ನೋಡುತ್ತಾ ಕಾದರು.

ಪಾಸ್ಟರು ನಿಂತರು. ಎಷ್ಟು ಹೊತ್ತು ನಿಂತರೋ, ನನಗಂತೂ ಒಂದು ವರ್ಷ ಅನಿಸಿತು. ಆಮೇಲೆ ರೊಟ್ಟಿ ಮುರಿದು ನನ್ನ ಮಗಳ ಕೈಗೆ ಇಟ್ಟರು. ಅವರ ಹಿಂದೆ ದ್ರಾಕ್ಷಾರಸದ ಬಟ್ಟಲುಗಳ ತಟ್ಟೆ ಹಿಡಿದು ಬರುತ್ತಿದ್ದವರು ಕಮಿಟಿಯ ಹಿರಿಯರು, ಅದೇ ನನ್ನ ಗಂಡನ ದೊಡ್ಡಪ್ಪನ ಮಗ. ಅವರು ಅಲ್ಲೇ ನಿಂತುಬಿಟ್ಟರು. ತಟ್ಟೆಯನ್ನು ಪಾಸ್ಟರ ಕೈಗೆ ಕೊಟ್ಟು ತಮ್ಮ ಬೆಂಚಿಗೆ ಹೋಗಿ ಕೂತರು. ಹೊರಗೆ ಮಾತ್ರ ಎದ್ದು ಹೋಗಲಿಲ್ಲ. ಅವರ ಮನಸ್ಸು ಒಪ್ಪದೇ ಇದ್ದರೂ ಅಲ್ಲೇ ಕೂತರು, ಅದನ್ನು ನಾನು ಮರೆಯುವುದಿಲ್ಲ. ಪಾಸ್ಟರು ತಾವೇ ಇಬ್ಬರಿಗೂ ಕುಡಿಸಿದರು. ಆಗ ನಾನು ಎದ್ದೆ. ನನ್ನ ಗಂಡ, ಬಾಯಿ ಇಲ್ಲದ ಮನುಷ್ಯ, ಗಂಡಸರ ಕಡೆಯಿಂದ ಎದ್ದು ಬಂದು ಮಗಳ ಆ ಪಕ್ಕದಲ್ಲಿ ಮೊಣಕಾಲೂರಿದರು. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಕಮಿಟಿ ಮತ್ತೆ ಕೂಡುತ್ತದಂತೆ. ಪಾಸ್ಟರಿಗೆ ಮೇಲಿನವರಿಂದ ಏನು ಆಜ್ಞೆ ಬರುತ್ತದೋ ಗೊತ್ತಿಲ್ಲ.

ಆ ದಿನ ಮನೆಗೆ ಬಂದು ಅತ್ತೆಯನ್ನು ಮಂಚದ ಮೇಲೆ ಕೂರಿಸಿ, ಮಗಳು ಅಡಿಗೆಮನೆಗೆ ಹೋದ ಮೇಲೆ ನಾನು ಹತ್ತಿರ ಹೋದೆ. ಒಂದು ಮಾತು ಕೇಳದೇ ಇರಲು ನನ್ನಿಂದ ಆಗಲಿಲ್ಲ. ಅವತ್ತು ಬೆಳಿಗ್ಗೆಯೇ ಅವರು ವಾಕರನ್ನು ಗೋಡೆಗೆ ಒರಗಿಸಿ, ಯಾರನ್ನೂ ಹಿಡಿಯದೆ, ಹಿತ್ತಲಿಗೆ ಹೋಗಿ ಒಗ್ಗರಣೆಗೆ ಕರಿಬೇವು ಹರಿದುಕೊಂಡು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೆ.

"ಅತ್ತಿ, ಒಬ್ಬಾಕಿಗೆ ನಡ್ಯಾಕ ಬರಂಗಿಲ್ಲ ಅಂದ್ರಲ್ಲ, ದೇವರ ಮುಂದ ನಿಂತು?"

ಪ್ರಾರ್ಥನಾ ಸಂಘದಲ್ಲಿ ಹೆಂಗಸರಿಗೆ ವರ್ಷಗಟ್ಟಲೆ ಸುಳ್ಳಾಡಬೇಡಿರೆಂದು ಉಪದೇಶಿಸಿದ ನಮ್ಮತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಸುಳ್ಳ ಹೇಳೇನಿ. ನಾಳೆ ಮಾಫಿ ಕೇಳತೇನಿ ಅವನಿಗೆ," ಅಂದರು. "ಇವತ್ತ ಕೇಳಂಗಿಲ್ಲ."